ಮೂರನೇ ದಿನದ ರಕ್ತ, ನೆಗೆಟಿವ್ ರಿಪೋರ್ಟು: ಮೆದುಳು ಜ್ವರದ ಪರೀಕ್ಷೆಯನ್ನು ಓದುವುದು ಹೇಗೆ?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಹಳ್ಳಿ. ಮನೆಯ ಪಕ್ಕದಲ್ಲೇ ಕಾಲುವೆ ನೀರಿನ ಭತ್ತದ ಗದ್ದೆ. ಅಣ್ಣನ ಮಗನಿಗೆ 7 ವರ್ಷ. ಎರಡು ದಿನ ಜ್ವರ, ವಾಂತಿ ಇತ್ತು, ಮೂರನೇ ದಿನ ಫಿಟ್ಸ್ ಬಂದು ಎಚ್ಚರ ತಪ್ಪಿತು. ಅವತ್ತೇ ರಕ್ತ ತೆಗೆದು ಕಳಿಸಿದ್ದರು. ಜೆಇ ಐಜಿಎಂ ನೆಗೆಟಿವ್, ಡೆಂಗಿ ಎನ್‌ಎಸ್1 ನೆಗೆಟಿವ್, ಡೆಂಗಿ ಐಜಿಎಂ ಪಾಸಿಟಿವ್ ಎಂದು ಬಂದಿದೆ. ಬೆನ್ನಿನಿಂದ ನೀರು ತೆಗೆಯಬೇಕು ಅಂದಾಗ ಮನೆಯ ಹಿರಿಯರು ಬೇಡ ಅಂದುಬಿಟ್ಟರು. ಈಗ ಆರನೇ ದಿನ, ಹುಡುಗ ಐಸಿಯುನಲ್ಲಿದ್ದಾನೆ. ಡಾಕ್ಟರು ಮತ್ತೆ ಅದೇ ನೀರು ಕೇಳುತ್ತಿದ್ದಾರೆ, ಇಲ್ಲವಾದರೆ ಇನ್ನೊಮ್ಮೆ ರಕ್ತವಾದರೂ ಕೊಡಿ ಅನ್ನುತ್ತಿದ್ದಾರೆ. ಒಮ್ಮೆ ನೆಗೆಟಿವ್ ಬಂದ ಮೇಲೆ ಮತ್ತೆ ಯಾಕೆ? ಇದು ಡೆಂಗಿಯೇ ಅಲ್ಲವೇ? ಅವನ ತಂಗಿಗೂ ಟೆಸ್ಟ್ ಮಾಡಿಸಬೇಕಾ?

ಉತ್ತರ: ಮೊದಲು ಇವತ್ತು ಆಗಬೇಕಾದ ಕೆಲಸ ಹೇಳುತ್ತೇನೆ. ಬೆನ್ನಿನ ನೀರು, ಅಂದರೆ ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ನೀರು, ತೆಗೆಯಲು ಈಗ ತೊಂದರೆ ಇಲ್ಲ ಎಂದು ಐಸಿಯು ವೈದ್ಯರು ಹೇಳಿದರೆ, ದಯವಿಟ್ಟು ಒಪ್ಪಿಗೆ ಕೊಡಿ. ಮೂರನೇ ದಿನದ ರಕ್ತದಲ್ಲಿ ಜೆಇ ನೆಗೆಟಿವ್ ಬಂದದ್ದರಿಂದ ಜೆಇ ಅಲ್ಲ ಎಂದು ತಿಳಿಯಬೇಡಿ. ಡೆಂಗಿ ಐಜಿಎಂ ಪಾಸಿಟಿವ್ ಬಂದದ್ದರಿಂದ ಡೆಂಗಿಯೇ ಎಂದೂ ತಿಳಿಯಬೇಡಿ. ಎರಡಕ್ಕೂ ಕಾರಣವಿದೆ, ಒಂದೊಂದಾಗಿ ಬಿಡಿಸಿ ಹೇಳುತ್ತೇನೆ. ಹಿರಿಯರ ಭಯಕ್ಕೂ ಕಾರಣವಿದೆ, ಅದಕ್ಕೂ ಉತ್ತರ ಕೊಡಬೇಕು.

ಜೆಇ ಎಂದರೆ ಜಪಾನೀಸ್ ಎನ್ಸೆಫಲೈಟಿಸ್, ನಮ್ಮ ಆರೋಗ್ಯ ಇಲಾಖೆಯ ಮಾತಿನಲ್ಲಿ ಮೆದುಳು ಜ್ವರ. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಇದನ್ನು ಹಂದಿಯಿಂದ, ಬೆಳ್ಳಕ್ಕಿ ಕೊಕ್ಕರೆಗಳಿಂದ ಹೊತ್ತು ತರುತ್ತದೆ. ಕಚ್ಚಿದ 5ರಿಂದ 15 ದಿನಗಳೊಳಗೆ ಜ್ವರ ಕಾಣಿಸುತ್ತದೆ. ವೈರಸ್ ರಕ್ತದಲ್ಲಿ ಓಡಾಡುವುದು ಬಹಳ ಕಡಿಮೆ ಪ್ರಮಾಣದಲ್ಲಿ, ಅದೂ ಕೆಲವೇ ದಿನ. ಫಿಟ್ಸ್ ಬರುವ ಹೊತ್ತಿಗೆ ಅದು ರಕ್ತ ಬಿಟ್ಟು ಮೆದುಳು ಸೇರಿರುತ್ತದೆ. ಆದ್ದರಿಂದ ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಈ ಕಾಯಿಲೆಯಲ್ಲಿ ಹೆಚ್ಚಾಗಿ ಕೈಕೊಡುತ್ತದೆ. ಪಿಸಿಆರ್ ಪಾಸಿಟಿವ್ ಬಂದರೆ ಅದು ಗಟ್ಟಿ ಸಾಕ್ಷಿ, ನೆಗೆಟಿವ್ ಬಂದರೆ ಅದರಿಂದ ಏನೂ ತೀರ್ಮಾನ ಆಗುವುದಿಲ್ಲ. ಕೊರೊನಾ ಕಾಲದಲ್ಲಿ ಎಲ್ಲರಿಗೂ ಪಿಸಿಆರ್ ಹೆಸರು ಬಾಯಿಪಾಠವಾಗಿದೆ. ಹಾಗಾಗಿ "ದೊಡ್ಡ ಟೆಸ್ಟ್ ಮಾಡಿಸಿ, ಪಿಸಿಆರ್ ಮಾಡಿಸಿ" ಎಂದು ಒತ್ತಾಯಿಸುವವರು ಬಹಳ ಜನ. ಜೆಇ ವಿಷಯದಲ್ಲಿ ಪಿಸಿಆರ್ ದೊಡ್ಡ ಟೆಸ್ಟ್ ಅಲ್ಲ.

ಹಾಗಾಗಿ ಲ್ಯಾಬಿನವರು ವೈರಸ್ ಬದಲು ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ, ಅಂದರೆ ಐಜಿಎಂ ಅನ್ನು ಹುಡುಕುತ್ತಾರೆ. ದೇಹ ಅದನ್ನು ತಯಾರಿಸಲು ದಿನ ಬೇಕು. ಜ್ವರ ಶುರುವಾದ ದಿನವನ್ನು ಒಂದು ಎಂದು ಎಣಿಸಿ. ಬೆನ್ನಿನ ನೀರಿನಲ್ಲಿ ಸಾಮಾನ್ಯವಾಗಿ ನಾಲ್ಕನೇ ದಿನದ ಆಸುಪಾಸಿಗೆ ಐಜಿಎಂ ಸಿಗತೊಡಗುತ್ತದೆ, ಹತ್ತನೇ ದಿನದ ಹೊತ್ತಿಗೆ ನೂರಕ್ಕೆ 95ಕ್ಕಿಂತ ಹೆಚ್ಚು ಜೆಇ ರೋಗಿಗಳಲ್ಲಿ ಇರುತ್ತದೆ. ರಕ್ತದಲ್ಲಿ ಅದೇ ಐಜಿಎಂ ಕಾಣಿಸಲು ಏಳನೇ ದಿನದ ತನಕ ಕಾಯಬೇಕಾಗುತ್ತದೆ, ಕೆಲವರಲ್ಲಿ ಒಂಬತ್ತು ಹತ್ತು ದಿನವೂ ಆಗುತ್ತದೆ. ನಿಮ್ಮ ಹುಡುಗನ ರಕ್ತ ತೆಗೆದದ್ದು ಮೂರನೇ ದಿನ. ಬಿತ್ತಿದ ಮೂರನೇ ದಿನ ಹೊಲಕ್ಕೆ ಹೋಗಿ ಮೊಳಕೆ ಕಾಣಲಿಲ್ಲ ಎಂದು ಬೀಜವನ್ನು ಬೈದ ಹಾಗಾಗುತ್ತದೆ, ಆ ರಿಪೋರ್ಟನ್ನು ನಂಬಿದರೆ. ಲ್ಯಾಬ್ ತಪ್ಪು ಮಾಡಿಲ್ಲ. ಆ ದಿನ ಆ ರಕ್ತದಲ್ಲಿ ಇಲ್ಲದ್ದನ್ನು ಇಲ್ಲ ಎಂದು ಹೇಳಿದೆ, ಅಷ್ಟೇ.

ಬೆನ್ನಿನ ನೀರಿಗೆ ಇನ್ನೂ ಒಂದು ಹೆಚ್ಚುಗಾರಿಕೆ ಇದೆ, ಇದೇ ಮುಖ್ಯ. ಜೆಇ ವೈರಸ್ ಹೊಕ್ಕ ಪ್ರತಿಯೊಬ್ಬರಿಗೂ ಮೆದುಳು ಜ್ವರ ಬರುವುದಿಲ್ಲ. ಸುಮಾರು 250 ಜನರಿಗೆ ಸೋಂಕಾದರೆ ಒಬ್ಬರಿಗೆ ಮೆದುಳಿನ ತೊಂದರೆ. ಉಳಿದವರಿಗೆ ಸಣ್ಣ ಜ್ವರ ಬಂದು ಹೋಗಬಹುದು, ಏನೂ ಗೊತ್ತಾಗದೆಯೂ ಹೋಗಬಹುದು. ಆದರೆ ಅವರ ರಕ್ತದಲ್ಲೂ ಐಜಿಎಂ ಹುಟ್ಟುತ್ತದೆ, ಒಂದರಿಂದ ಮೂರು ತಿಂಗಳು ಉಳಿಯುತ್ತದೆ, ಒಮ್ಮೊಮ್ಮೆ ಇನ್ನೂ ಹೆಚ್ಚು. ತುಂಗಭದ್ರಾ ಕಾಲುವೆಯ ಭತ್ತದ ಸೀಮೆಯಲ್ಲಿ ಮಳೆಗಾಲ ಕಳೆದ ಮೇಲೆ ಹೀಗೆ ಸದ್ದಿಲ್ಲದೆ ಸೋಂಕಾದ ಮಕ್ಕಳು ಇರುತ್ತಾರೆ. ಅಂಥ ಮಗುವಿಗೆ ಬೇರೆ ಯಾವುದೋ ಕಾರಣದಿಂದ ಫಿಟ್ಸ್ ಬಂದರೂ ರಕ್ತ ಪರೀಕ್ಷೆ ಜೆಇ ಪಾಸಿಟಿವ್ ಎನ್ನುತ್ತದೆ. ಬೆನ್ನಿನ ನೀರಿನಲ್ಲಿ ಐಜಿಎಂ ಸಿಕ್ಕರೆ ಮಾತ್ರ ಸೋಂಕು ಮೆದುಳಿನ ಒಳಗೇ ಆಗಿದೆ ಎಂದು ಧೈರ್ಯವಾಗಿ ಹೇಳಬಹುದು, ಯಾಕೆಂದರೆ ಐಜಿಎಂ ದೊಡ್ಡ ಕಣ, ರಕ್ತದಿಂದ ಮೆದುಳಿನ ಕಡೆಗೆ ಸುಲಭವಾಗಿ ದಾಟುವುದಿಲ್ಲ. ಅಲ್ಲಿ ಇದೆ ಎಂದರೆ ಹೆಚ್ಚಾಗಿ ಅಲ್ಲೇ ಹುಟ್ಟಿದ್ದು.

ಬೆನ್ನಿಗೆ ಸೂಜಿ: ಭಯ ಮತ್ತು ನಿಜ

ಹಿರಿಯರು ಬೇಡ ಅನ್ನುವುದಕ್ಕೆ ಎಲ್ಲ ಊರಲ್ಲೂ ಇರುವುದು ಒಂದೇ ಕಾರಣ: "ಬೆನ್ನಿನ ನೀರು ತೆಗೆದರೆ ಕಾಲು ಬೀಳುತ್ತದೆ." ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ, ಮೊದಲ ಎರಡು ಸೊಂಟದ ಮೂಳೆಗಳ ಮಟ್ಟದಲ್ಲಿ ಮುಗಿದುಹೋಗುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ಮೂರು ನಾಲ್ಕನೇ ಇಲ್ಲವೇ ನಾಲ್ಕು ಐದನೇ ಮೂಳೆಯ ನಡುವೆ. ಸೊಂಟದ ಎರಡೂ ಬದಿಯ ಮೂಳೆಯ ಅಂಚಿನ ಮೇಲೆ ಕೈ ಇಟ್ಟು ನೇರ ಗೆರೆ ಎಳೆದರೆ ಸಿಗುವ ಜಾಗ ಅದು. ಅಲ್ಲಿ ನೀರಿನಲ್ಲಿ ತೇಲುವ ನರದ ಎಳೆಗಳಿರುತ್ತವೆ, ಹುರಿ ಇರುವುದಿಲ್ಲ. ಮಗುವನ್ನು ಮಗ್ಗುಲಾಗಿ ಮಲಗಿಸಿ, ಮಂಡಿ ಎದೆಗೆ ಬರುವಂತೆ ಬಗ್ಗಿಸಿ ಹಿಡಿಯುತ್ತಾರೆ. ಚರ್ಮ ಮರಗಟ್ಟಿಸಿ ಸಣ್ಣ ಸೂಜಿ ಹಾಕಿದ ಮೇಲೆ ನೀರು ತಾನಾಗಿ ಹನಿ ಹನಿಯಾಗಿ ಬೀಳುತ್ತದೆ, ಸಿರಿಂಜಿನಲ್ಲಿ ಎಳೆಯುವುದಿಲ್ಲ. ಆರೋಗ್ಯವಂತರ ನೀರು ಬಾವಿಯ ತಿಳಿನೀರಿನಂತೆ ಇರುತ್ತದೆ, ಜೆಇಯಲ್ಲೂ ಸಾಮಾನ್ಯವಾಗಿ ತಿಳಿಯಾಗಿಯೇ ಇರುತ್ತದೆ. ಮೊಸರಿನ ತಿಳಿಯಂತೆ ಕದಡಿದ್ದರೆ ಬ್ಯಾಕ್ಟೀರಿಯಾ ಸೋಂಕಿನ ಅನುಮಾನ ಅಲ್ಲೇ ಹುಟ್ಟುತ್ತದೆ.

ತೆಗೆಯುವುದು ಒಟ್ಟು 2ರಿಂದ 4 ಮಿಲಿ. ದೊಡ್ಡವರ ದೇಹ ಈ ನೀರನ್ನು ಗಂಟೆಗೆ ಸುಮಾರು 20 ಮಿಲಿಯಂತೆ ಹೊಸದಾಗಿ ತಯಾರಿಸುತ್ತಲೇ ಇರುತ್ತದೆ. ಮಕ್ಕಳಲ್ಲಿ ಸ್ವಲ್ಪ ನಿಧಾನ, ಆದರೂ ತೆಗೆದದ್ದು ಬೇಗನೆ ತುಂಬಿಕೊಳ್ಳುತ್ತದೆ. ಒಂದೆರಡು ದಿನ ತಲೆನೋವು, ಸೂಜಿ ಚುಚ್ಚಿದ ಕಡೆ ನೋವು ಇರಬಹುದು. ಕಾಲಿನ ವಿಷಯಕ್ಕೆ ಬಂದರೆ, ಜೆಇ ಕಾಯಿಲೆಯೇ ಕೈಕಾಲಿನ ಶಕ್ತಿ ಕುಂದಿಸುತ್ತದೆ. ಬದುಕಿ ಉಳಿದವರಲ್ಲಿ ನೂರಕ್ಕೆ 30ರಿಂದ 50 ಮಂದಿಗೆ ಕೈಕಾಲಿನದೋ ಮಾತಿನದೋ ನೆನಪಿನದೋ ಒಂದು ಕೊರತೆ ಉಳಿಯುತ್ತದೆ. ಕಾಯಿಲೆ ಮಾಡಿದ ಹಾನಿಯ ಅಪವಾದ ಸೂಜಿಯ ತಲೆಗೆ ಬರುತ್ತದೆ, ಆ ಮಾತು ಊರಿಂದ ಊರಿಗೆ ಹೋಗುತ್ತದೆ, ಮುಂದಿನ ಮಗುವಿನ ಪರೀಕ್ಷೆ ತಪ್ಪುತ್ತದೆ. ಹಿರಿಯರಿಗೆ ಇದನ್ನು ಸಮಾಧಾನದಿಂದ ಹೇಳಿ. ಸಾಧ್ಯವಾದರೆ ಡಾಕ್ಟರ ಮುಂದೆಯೇ ಕೂರಿಸಿ ಹೇಳಿಸಿ.

ವೈದ್ಯರೇ ಸೂಜಿ ಹಾಕದೆ ತಡೆಯುವ ಸಂದರ್ಭಗಳೂ ಇವೆ. ತಲೆಯೊಳಗಿನ ಒತ್ತಡ ಏರಿದ ಲಕ್ಷಣ ಕಂಡರೆ (ಎರಡು ಕಣ್ಣಿನ ಪಾಪೆ ಒಂದೇ ಅಳತೆ ಇಲ್ಲದಿರುವುದು, ನಾಡಿ ನಿಧಾನವಾಗಿ ಬಿಪಿ ಏರುವುದು), ಫಿಟ್ಸ್ ಇನ್ನೂ ಹತೋಟಿಗೆ ಬರದಿದ್ದರೆ, ಒಂದು ಬದಿಯ ಕೈಕಾಲು ಸೋತಿದ್ದರೆ ಮೊದಲು ಸ್ಕ್ಯಾನ್ ನೋಡುತ್ತಾರೆ. ಸೂಜಿ ಹಾಕುವ ಜಾಗದ ಚರ್ಮದಲ್ಲಿ ಕೀವು ಇದ್ದರೂ ಬೇಡ. ನಿಮ್ಮ ಹುಡುಗನಿಗೆ ಡೆಂಗಿಯ ಮಾತೂ ಬಂದಿರುವುದರಿಂದ ಪ್ಲೇಟ್‌ಲೆಟ್ ಎಣಿಕೆ ಅವತ್ತಿನದೇ ಇರಬೇಕು, ಸಾಮಾನ್ಯವಾಗಿ 50,000ಕ್ಕಿಂತ ಕೆಳಗಿದ್ದರೆ ಸೂಜಿ ಮುಂದೂಡುತ್ತಾರೆ. ಇಂಥ ಕಾರಣಕ್ಕೆ "ಇವತ್ತು ಬೇಡ" ಎಂದು ವೈದ್ಯರು ಹೇಳಿದರೆ ಅದನ್ನು ಗೌರವಿಸಿ. ಒತ್ತಡ ಇಳಿದ ಮೇಲೆ ಎಂಟನೇ, ಹತ್ತನೇ ದಿನ ತೆಗೆದರೂ ಜೆಇ ಪರೀಕ್ಷೆಗೆ ಏನೂ ನಷ್ಟವಿಲ್ಲ.

ತೆಗೆದ ನೀರು ಎಲ್ಲೆಲ್ಲಿಗೆ ಹೋಗುತ್ತದೆ

ಜೆಇ ಐಜಿಎಂ ಪರೀಕ್ಷೆಗೆ ಬೇಕಾಗುವುದು 10 ಮೈಕ್ರೊಲೀಟರಿನಷ್ಟು, ಒಂದು ಹನಿಯ ಐದರಲ್ಲಿ ಒಂದು ಭಾಗ. ಹಾಗಿದ್ದರೆ 2, 3 ಮಿಲಿ ಯಾಕೆ? ಆ ನೀರು ಜೆಇ ಒಂದಕ್ಕೇ ಅಲ್ಲ. ಒಂದು ಟ್ಯೂಬ್ ಸಕ್ಕರೆ, ಪ್ರೋಟೀನ್ ನೋಡಲು. ಒಂದು ಬ್ಯಾಕ್ಟೀರಿಯಾ ಬೆಳೆಸಿ ನೋಡಲು. ಒಂದು ಬಿಳಿ ರಕ್ತಕಣ ಎಣಿಸಲು, ಇದು ಒಂದು ಗಂಟೆಯೊಳಗೆ ಆಗಬೇಕು, ತಡವಾದಷ್ಟೂ ಕಣಗಳು ಒಡೆದು ಎಣಿಕೆ ಸುಳ್ಳಾಗುತ್ತದೆ. ಇನ್ನೊಂದು, ಸ್ಕ್ರೂ ಮುಚ್ಚಳದ ಸ್ಟೆರೈಲ್ ವಯಲ್‌ನಲ್ಲಿ ಕನಿಷ್ಠ 1 ಮಿಲಿ, ವೈರಸ್ ಲ್ಯಾಬಿಗೆ. ಗಡಿಬಿಡಿಯಲ್ಲಿ ಆಗುವ ಒಂದು ತಪ್ಪೆಂದರೆ ಎಲ್ಲ ಟ್ಯೂಬುಗಳನ್ನೂ ಒಟ್ಟಿಗೆ ಫ್ರಿಜ್ಜಿಗೆ ಇಡುವುದು. ವೈರಸ್ ಲ್ಯಾಬಿನ ವಯಲ್‌ಗೆ ತಂಪು ಬೇಕು, ಬ್ಯಾಕ್ಟೀರಿಯಾ ಬೆಳೆಸುವ ಕಲ್ಚರ್ ಟ್ಯೂಬಿಗೆ ತಂಪು ಆಗದು. ಮೆದುಳು ಪೊರೆಯ ಉರಿಯೂತ ತರುವ ಕೆಲವು ಬ್ಯಾಕ್ಟೀರಿಯಾ ಫ್ರಿಜ್ಜಿನಲ್ಲಿ ಸತ್ತು, ಗುಣಪಡಿಸಬಹುದಾದ ಕಾಯಿಲೆಯೇ ಕೈತಪ್ಪಿಹೋಗುತ್ತದೆ.

ಸಕ್ಕರೆಯ ಅಂಕಿ ಓದಲು ಅದೇ ಹೊತ್ತಿನ ರಕ್ತದ ಸಕ್ಕರೆಯೂ ಗೊತ್ತಿರಬೇಕು. ನೀರಿನಲ್ಲಿ ಸಕ್ಕರೆ ರಕ್ತದ ಮೂರರಲ್ಲಿ ಎರಡು ಪಾಲಿನಷ್ಟು ಇರುವುದು ಸಹಜ. ಗ್ಲೂಕೋಸ್ ಡ್ರಿಪ್ ಓಡುತ್ತಿರುವ ಮಗುವಿನ ರಕ್ತದಲ್ಲಿ ಸಕ್ಕರೆ 200 ಇದ್ದು, ನೀರಿನಲ್ಲಿ 60 ಇದ್ದರೆ, 60 ಎಂಬುದು ನೋಡಲು ನಾರ್ಮಲ್, ಹೋಲಿಸಿದರೆ ಬಹಳ ಕಡಿಮೆ. ಜೆಇಯಲ್ಲಿ ಸಕ್ಕರೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಪ್ರೋಟೀನ್ ಸ್ವಲ್ಪ ಏರಿರುತ್ತದೆ, ಬಿಳಿ ಕಣಗಳು ಹತ್ತಾರರಿಂದ ಕೆಲವು ನೂರರ ತನಕ, ಹೆಚ್ಚಿನವು ಲಿಂಫೋಸೈಟ್ ಎಂಬ ಬಗೆಯವು. ಮೊದಲ ಒಂದೆರಡು ದಿನ ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ಕಣ ಹೆಚ್ಚಿರಬಹುದು, ಒಂದೂ ಕಣ ಇಲ್ಲದೆಯೂ ಇರಬಹುದು. ಸಕ್ಕರೆ ಕುಸಿದು ಪ್ರೋಟೀನ್ ಬಹಳ ಏರಿದ್ದರೆ ವೈದ್ಯರ ಗಮನ ಟಿಬಿ ಕಡೆಗೂ ಬ್ಯಾಕ್ಟೀರಿಯಾ ಕಡೆಗೂ ಹೊರಳುತ್ತದೆ. ಇಷ್ಟೆಲ್ಲ ನಿಮ್ಮೂರಿನ ಹತ್ತಿರದ ಆಸ್ಪತ್ರೆಯಲ್ಲೇ ಒಂದೆರಡು ಗಂಟೆಯಲ್ಲಿ ಗೊತ್ತಾಗುತ್ತದೆ. ಜೆಇ ರಿಪೋರ್ಟ್ ಬರುವ ಮೊದಲೇ ಚಿಕಿತ್ಸೆಯ ದಾರಿ ಹೇಳುವುದು ಈ ಅಂಕಿಗಳೇ.

ಸೂಜಿ ಹೋಗುವಾಗ ಸಣ್ಣ ರಕ್ತನಾಳ ತಾಗಿ ನೀರು ಕೆಂಪಾಗುವುದುಂಟು. ಮೊದಲ ಟ್ಯೂಬ್ ಕೆಂಪು, ಮೂರನೆಯದು ತಿಳಿಯಾಗಿದ್ದರೆ ಸೂಜಿಯ ಗಾಯದ ರಕ್ತ ಎಂದು ಅರ್ಥ. ಹಾಗಾದಾಗ ತಿಳಿಯಾದ ಕೊನೆಯ ಟ್ಯೂಬನ್ನೇ ವೈರಸ್ ಲ್ಯಾಬಿಗೆ ಕಳಿಸಬೇಕು, ಫಾರಂನಲ್ಲಿ ರಕ್ತ ಬೆರೆತಿತ್ತು ಎಂದು ಬರೆಯಬೇಕು. ಇಲ್ಲವಾದರೆ ರಕ್ತದ ಐಜಿಎಂ ನೀರಿಗೆ ಬೆರೆತು, ಮೆದುಳಿನಲ್ಲಿ ಇಲ್ಲದ ಪಾಸಿಟಿವ್ ಕಾಗದದ ಮೇಲೆ ಮೂಡುತ್ತದೆ.

ರಕ್ತದ ಮಾದರಿಯಾದರೆ ಮಕ್ಕಳಲ್ಲಿ 2, 3 ಮಿಲಿ, ಏನೂ ಮದ್ದು ಹಾಕದ ಕೆಂಪು ಮುಚ್ಚಳದ ಟ್ಯೂಬಿನಲ್ಲಿ. ಅರ್ಧ ಗಂಟೆ ಅಲುಗಾಡಿಸದೆ ಇಟ್ಟರೆ ಹೆಪ್ಪುಗಟ್ಟುತ್ತದೆ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ಹಳದಿ ಸೀರಂ ಬೇರೆ ವಯಲ್‌ಗೆ ತೆಗೆಯುತ್ತಾರೆ. ಸೀರಂ ಬೇರ್ಪಡಿಸದೆ ಇಡೀ ರಕ್ತವನ್ನೇ ಫ್ರೀಜರ್‌ಗೆ ಹಾಕಿದರೆ ಕೆಂಪು ಕಣ ಒಡೆದು ಮಾದರಿ ಕೆಟ್ಟಿತು. ಸಾಗಿಸುವಾಗ 2ರಿಂದ 8 ಡಿಗ್ರಿ ಇರಬೇಕು, ಲಸಿಕೆ ಒಯ್ಯುವ ವ್ಯಾಕ್ಸಿನ್ ಕ್ಯಾರಿಯರ್ ಸಾಕು. ವಯಲ್ಲನ್ನು ಗಡ್ಡೆಕಟ್ಟಿದ ಐಸ್ ಪ್ಯಾಕಿಗೆ ನೇರ ತಾಗಿಸದೆ ಹತ್ತಿ ಸುತ್ತಿ, ಸೋರದ ಡಬ್ಬಿಯಲ್ಲಿ ನಿಲ್ಲಿಸಿ, ಹೊರಗೆ ಇನ್ನೊಂದು ಗಟ್ಟಿ ಡಬ್ಬಿ: ಹೀಗೆ ಮೂರು ಸುತ್ತಿನ ಕಟ್ಟು. ಒಂದೆರಡು ದಿನದಲ್ಲಿ ಲ್ಯಾಬ್ ತಲುಪುವುದಾದರೆ ಇಷ್ಟೇ ಸಾಕು. ಇನ್ನೂ ತಡವೆಂದರೆ ಸೀರಂ, ಬೆನ್ನಿನ ನೀರನ್ನು ಮೈನಸ್ 20 ಡಿಗ್ರಿಯಲ್ಲಿ ಇಡಬೇಕು, ಪಿಸಿಆರ್‌ಗೆ ಆದರೆ ಮೈನಸ್ 70. ಗಡ್ಡೆಕಟ್ಟುವುದು, ಕರಗುವುದು, ಮತ್ತೆ ಗಡ್ಡೆಕಟ್ಟುವುದು ಹೀಗೆ ಆದಷ್ಟೂ ಮಾದರಿ ಸೊರಗುತ್ತದೆ.

ಲ್ಯಾಬಿನೊಳಗೆ

ನಮ್ಮಲ್ಲಿ ಸರ್ಕಾರಿ ವ್ಯವಸ್ಥೆಯ, ಕಾಯಿಲೆಯ ಮೇಲೆ ಕಣ್ಣಿಡುವ ಸೆಂಟಿನೆಲ್ ಲ್ಯಾಬುಗಳು ಬಳಸುವುದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ, ಅಂದರೆ ಎನ್‌ಐವಿ ತಯಾರಿಸಿ ಕೊಡುವ ಮ್ಯಾಕ್ ಎಲಿಸಾ ಕಿಟ್. ಸಂದೇಹದ ಮಾದರಿಗಳ ಮರುಪರೀಕ್ಷೆಗೆ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ನ್ಯೂರೋವೈರಾಲಜಿ ವಿಭಾಗ ಮೇಲಿನ ಹಂತದ ಲ್ಯಾಬ್. ಎಲಿಸಾ ಕೆಲಸ ಮಾಡುವ ಬಗೆ ಗೊತ್ತಾದರೆ ರಿಪೋರ್ಟ್ ಯಾಕೆ ತಡ, ಯಾಕೆ ಕೆಲವೊಮ್ಮೆ "ಇಕ್ವಿವೋಕಲ್" ಎಂದು ಬರುತ್ತದೆ ಎನ್ನುವುದೂ ಗೊತ್ತಾಗುತ್ತದೆ.

ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ, ಒಟ್ಟು 96 ಗುಳಿ. ಇಡ್ಲಿ ತಟ್ಟೆಯನ್ನು ಅಂಗೈಯಷ್ಟಕ್ಕೆ ಕುಗ್ಗಿಸಿದಂತೆ. ಪ್ರತಿ ಗುಳಿಯ ತಳದಲ್ಲಿ ಮನುಷ್ಯರ ಐಜಿಎಂ ಹಿಡಿಯುವ ಪ್ರತಿಕಾಯ ಮೊದಲೇ ಅಂಟಿಸಿರುತ್ತಾರೆ. ಬೆನ್ನಿನ ನೀರನ್ನು ಹತ್ತು ಪಟ್ಟು, ಸೀರಂ ಅನ್ನು ನೂರು ಪಟ್ಟು ತೆಳು ಮಾಡಿ 50 ಮೈಕ್ರೊಲೀಟರ್ ಹಾಕುತ್ತಾರೆ. ನೀರಿನಲ್ಲಿ ಪ್ರತಿಕಾಯ ಕಡಿಮೆ, ಅದಕ್ಕೇ ಅದನ್ನು ಹೆಚ್ಚು ತೆಳು ಮಾಡುವುದಿಲ್ಲ. 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟಾಗ ರೋಗಿಯ ಐಜಿಎಂ ತಳಕ್ಕೆ ಅಂಟಿಕೊಳ್ಳುತ್ತದೆ. ಅದು ಯಾವ ಕಾಯಿಲೆಯದಾದರೂ ಅಂಟುತ್ತದೆ, ಈ ಹಂತದಲ್ಲಿ ಭೇದ ಇಲ್ಲ. ತೊಳೆದು ಜೆಇ ಆಂಟಿಜೆನ್ (ವೈರಸ್ಸಿನ ಭಾಗ) ಹಾಕುತ್ತಾರೆ, ಇನ್ನೊಂದು ಗಂಟೆ. ಅಂಟಿದ ಐಜಿಎಂ ಜೆಇಯದಾಗಿದ್ದರೆ ಮಾತ್ರ ಆಂಟಿಜೆನ್ ನಿಲ್ಲುತ್ತದೆ. ಮತ್ತೆ ತೊಳೆದು, ಆ ಆಂಟಿಜೆನ್ನನ್ನು ಗುರುತಿಸುವ ಬಯೋಟಿನ್ ಕಟ್ಟಿದ ಪ್ರತಿಕಾಯ, ಮತ್ತೊಂದು ಗಂಟೆ. ಆಮೇಲೆ ಬಯೋಟಿನ್‌ಗೆ ಅಂಟುವ ಕಿಣ್ವ, ಅರ್ಧ ಗಂಟೆ. ಕೊನೆಗೆ ಬಣ್ಣದ ದ್ರಾವಣ ಹಾಕಿ ಹತ್ತು ನಿಮಿಷ ಕತ್ತಲಲ್ಲಿ ಇಡುತ್ತಾರೆ. ಪಾಸಿಟಿವ್ ಗುಳಿ ನೀಲಿಯಾಗುತ್ತಾ ಬರುತ್ತದೆ, ಆಮ್ಲ ಹಾಕಿ ನಿಲ್ಲಿಸಿದ ಕ್ಷಣ ನೀಲಿ ಹಳದಿಗೆ ತಿರುಗುತ್ತದೆ. ಆ ಹಳದಿಯ ಗಾಢತೆಯನ್ನು 450 ನ್ಯಾನೊಮೀಟರ್ ಬೆಳಕಿನಲ್ಲಿ ಯಂತ್ರ ಅಳೆದು ಅಂಕಿ ಕೊಡುತ್ತದೆ. ನೆಗೆಟಿವ್ ಕಂಟ್ರೋಲ್ ಗುಳಿಯ (ಜೆಇ ಐಜಿಎಂ ಇಲ್ಲವೆಂದು ಗೊತ್ತಿರುವ ಮಾದರಿ ಹಾಕಿದ್ದು) ಅಂಕಿಗಿಂತ ಇಷ್ಟು ಪಟ್ಟು ಹೆಚ್ಚಿದ್ದರೆ ಪಾಸಿಟಿವ್ ಎಂದು ಕಿಟ್ಟಿನ ಕಾಗದದಲ್ಲಿ ಬರೆದಿರುತ್ತದೆ. ಗೆರೆಯ ಅಂಚಿನಲ್ಲಿ ನಿಂತದ್ದೇ ಇಕ್ವಿವೋಕಲ್, ಅತ್ತಲೂ ಅಲ್ಲ ಇತ್ತಲೂ ಅಲ್ಲ. ಹಾಗೆ ಬಂದರೆ ಅದೇ ಮಾದರಿ ಮತ್ತೊಮ್ಮೆ, ಜೊತೆಗೆ ಕೆಲವು ದಿನ ಬಿಟ್ಟು ಹೊಸ ಮಾದರಿ.

ಕೆಲಸದ ಹೊತ್ತು ನಾಲ್ಕೈದು ಗಂಟೆ ಅಷ್ಟೇ. ಆದರೆ ಪ್ರತಿ ಸಲವೂ ಕಂಟ್ರೋಲ್ ಗುಳಿಗಳು ಖರ್ಚಾಗುತ್ತವೆ, ಕಿಟ್ ಎಣಿಸಿಟ್ಟಂತೆ ಬರುತ್ತದೆ. ಅದಕ್ಕೇ ಲ್ಯಾಬುಗಳು ಮಾದರಿ ಕೂಡಿಸಿಕೊಂಡು ವಾರಕ್ಕೆ ಇಂತಿಷ್ಟು ದಿನ ಎಂದು ಓಡಿಸುತ್ತವೆ. ಇಲ್ಲಿ ಅತಿ ಹೆಚ್ಚು ಕೆಡುವ ಹಂತ ತೊಳೆಯುವುದು. ಗುಳಿಯಲ್ಲಿ ಹಿಂದಿನ ದ್ರಾವಣ ಉಳಿದರೆ ನೆಗೆಟಿವ್ ಕಂಟ್ರೋಲ್ ಕೂಡ ಹಳದಿಯಾಗುತ್ತದೆ, ಅಂಥ ತಟ್ಟೆಯನ್ನು ಪೂರ್ತಿ ಬಿಸಾಡಿ ಮತ್ತೆ ಮಾಡಬೇಕು. ಶ್ರದ್ಧೆಯ ಟೆಕ್ನಿಷಿಯನ್ ತಟ್ಟೆಯನ್ನು ತಲೆಕೆಳಗು ಮಾಡಿ ಟಿಶ್ಯೂ ಕಾಗದದ ಮೇಲೆ ಟಪಟಪ ಬಡಿದು, ಒಂದು ಹನಿಯೂ ಉಳಿಯದಂತೆ ನೋಡಿ ಮುಂದಕ್ಕೆ ಹೋಗುತ್ತಾರೆ. ಅವರ ಆ ಕೈಕೆಲಸದ ಮೇಲೆ ನಿಮ್ಮ ರಿಪೋರ್ಟು ನಿಂತಿರುತ್ತದೆ.

ಹಾಗಾದರೆ ಡೆಂಗಿ ಪಾಸಿಟಿವ್?

ಜೆಇ, ಡೆಂಗಿ, ವೆಸ್ಟ್ ನೈಲ್, ನಮ್ಮ ಮಲೆನಾಡಿನ ಮಂಗನ ಕಾಯಿಲೆ, ಇವೆಲ್ಲ ಫ್ಲಾವಿವೈರಸ್ ಎಂಬ ಒಂದೇ ಮನೆತನದ ವೈರಸ್‌ಗಳು. ಹೊರಮೈ ಒಂದನ್ನೊಂದು ಹೋಲುವುದರಿಂದ ಒಂದರ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲೂ ಬಣ್ಣ ತರಬಹುದು. ಡೆಂಗಿ ಐಜಿಎಂ ಹಿಂದಿನ ತಿಂಗಳ ಡೆಂಗಿಯಿಂದ ಉಳಿದದ್ದೂ ಆಗಿರಬಹುದು. ಮೂರನೇ ದಿನ ನಿಜವಾದ ಹೊಸ ಡೆಂಗಿ ಆಗಿದ್ದರೆ, ವೈರಸ್ಸಿನ ಭಾಗವನ್ನೇ ಹುಡುಕುವ ಎನ್‌ಎಸ್1 ಪಾಸಿಟಿವ್ ಬರುವ ಸಾಧ್ಯತೆ ಹೆಚ್ಚಿತ್ತು. ನಿಮ್ಮ ಹುಡುಗನಲ್ಲಿ ಅದು ನೆಗೆಟಿವ್. ಎನ್‌ಎಸ್1 ಕೂಡ ಒಮ್ಮೊಮ್ಮೆ ತಪ್ಪಿಸಿಕೊಳ್ಳುತ್ತದೆ, ವಿಶೇಷವಾಗಿ ಎರಡನೇ ಸಲ ಡೆಂಗಿ ಬಂದವರಲ್ಲಿ. ಡೆಂಗಿಯೂ ಅಪರೂಪಕ್ಕೆ ಮೆದುಳಿಗೆ ತೊಂದರೆ ಕೊಡುತ್ತದೆ. ಆದ್ದರಿಂದ ಡೆಂಗಿ ಅಲ್ಲವೇ ಅಲ್ಲ ಎಂದು ಹೇಳಲಾರೆ, ಆದರೆ ಕೈಯಲ್ಲಿರುವ ಕಾಗದ ಡೆಂಗಿಯನ್ನು ಸಾಬೀತು ಮಾಡುವುದಿಲ್ಲ. ಡೆಂಗಿ ಪರೀಕ್ಷೆ ಕಾರ್ಡಿನಲ್ಲಿ ಮಾಡಿದ್ದೋ ಎಲಿಸಾದಲ್ಲಿ ಮಾಡಿದ್ದೋ ಕೇಳಿ ನೋಡಿ. ಎರಡು ಗೆರೆ ಮೂಡುವ ಕಾರ್ಡ್ ಆದರೆ ಎಲಿಸಾದಲ್ಲಿ ಖಚಿತ ಮಾಡಿಕೊಳ್ಳಬೇಕು.

ಗೊಂದಲ ಬಿಡಿಸುವ ರೀತಿ ಹೀಗೆ: ಒಂದೇ ಮಾದರಿಯನ್ನು ಜೆಇ, ಡೆಂಗಿ ಎರಡೂ ಎಲಿಸಾದಲ್ಲಿ ಪಕ್ಕಪಕ್ಕ ಮಾಡಿ, ಯಾವುದರ ಅಂಕಿ ಸ್ಪಷ್ಟವಾಗಿ ಮೇಲಿದೆ ನೋಡುತ್ತಾರೆ. ಬೆನ್ನಿನ ನೀರಿನಲ್ಲಿ ಮಾಡಿದರೆ ಹೆಚ್ಚು ನಂಬಬಹುದು. ಅಲ್ಲೂ ಸಮಸಮ ಬಂದರೆ ಕೊನೆಯ ಮೆಟ್ಟಿಲು ಪಿಆರ್‌ಎನ್‌ಟಿ. ರೋಗಿಯ ಸೀರಂ ಜೀವಂತ ವೈರಸ್ಸನ್ನು ಎಷ್ಟು ತಡೆಯುತ್ತದೆ ಎಂದು ಜೀವಕೋಶಗಳ ಪದರದ ಮೇಲೆ ನೋಡುವ ಪರೀಕ್ಷೆ ಅದು. ಜೀವಂತ ವೈರಸ್ ಬೆಳೆಸುವ ಸುರಕ್ಷತೆಯುಳ್ಳ ಕೆಲವೇ ಲ್ಯಾಬುಗಳಲ್ಲಿ ಆಗುತ್ತದೆ, ದಿನಗಟ್ಟಲೆ ಹಿಡಿಯುತ್ತದೆ. ಚಿಕಿತ್ಸೆಗೆ ಅದನ್ನು ಕಾಯುವ ಪ್ರಶ್ನೆಯೇ ಇಲ್ಲ.

ಲಸಿಕೆಯ ವಿಷಯವೂ ಇಲ್ಲೇ ಬರುತ್ತದೆ. ಜೀವಂತ ಜೆಇ ಲಸಿಕೆ ಹಾಕಿಸಿಕೊಂಡ ಮಗುವಿನ ರಕ್ತದಲ್ಲೂ ಕೆಲವು ತಿಂಗಳು ಐಜಿಎಂ ಇರಬಹುದು. ಹಿಂದಿನ ಆರು ತಿಂಗಳೊಳಗೆ ಲಸಿಕೆ ಆಗಿದ್ದರೆ ರಕ್ತದ ಪಾಸಿಟಿವ್ ಒಂದನ್ನೇ ನಂಬುವಂತಿಲ್ಲ, ಬೆನ್ನಿನ ನೀರೇ ಬೇಕು. ತಾಯಿ ಕಾರ್ಡ್ ಹುಡುಕಿ, ಲಸಿಕೆಯ ತಾರೀಖುಗಳನ್ನು ವೈದ್ಯರಿಗೆ ತೋರಿಸಿ. ಮಗು ಚಿಕ್ಕದಿದ್ದಾಗ ಹಾಕಿಸಿದ ಲಸಿಕೆ ಇವತ್ತಿನ ಐಜಿಎಂ ಪರೀಕ್ಷೆಯನ್ನು ಕೆಡಿಸುವುದಿಲ್ಲ.

ಎಷ್ಟೇ ಹೇಳಿದರೂ ಬೆನ್ನಿನ ನೀರಿಗೆ ಮನೆಯಲ್ಲಿ ಒಪ್ಪದಿದ್ದರೆ, ಎರಡನೇ ರಕ್ತವನ್ನಾದರೂ ತಪ್ಪಿಸಬೇಡಿ. ಹತ್ತನೇ ದಿನ ಇಲ್ಲವೇ ಅದರ ನಂತರ ತೆಗೆದದ್ದು ಉತ್ತಮ, ಮೊದಲೇ ಡಿಸ್ಚಾರ್ಜ್ ಆಗುವುದಾದರೆ ಡಿಸ್ಚಾರ್ಜ್ ದಿನ. ಮೊದಲ ಸೀರಂ ಮಿಕ್ಕಿದ್ದರೆ ಬಿಸಾಡದೆ ಇಟ್ಟುಕೊಳ್ಳಲು ಲ್ಯಾಬಿಗೆ ಹೇಳಿಸಿ, ಎರಡನ್ನೂ ಒಂದೇ ತಟ್ಟೆಯಲ್ಲಿ ಹೋಲಿಸಬಹುದು. ಮೊದಲನೆಯದು ನೆಗೆಟಿವ್ ಆಗಿದ್ದು ಎರಡನೆಯದು ಪಾಸಿಟಿವ್ ಬಂದರೆ ಸೋಂಕು ಹೊಸದು ಎನ್ನಲು ಅದು ಬಲವಾದ ಸಾಕ್ಷಿ. ಹತ್ತನೇ ದಿನದ ಮೇಲಿನ ಮಾದರಿಯೂ ನೆಗೆಟಿವ್ ಆದರೆ ಜೆಇಯನ್ನು ಬಹುಮಟ್ಟಿಗೆ ಪಕ್ಕಕ್ಕಿಡಬಹುದು.

ಮಾದರಿಯ ಜೊತೆ ಹೋಗುವ ಫಾರಂ ನೀವೇ ಒಮ್ಮೆ ನೋಡಿ. ಜ್ವರ ಶುರುವಾದ ತಾರೀಖು, ಎಚ್ಚರ ತಪ್ಪಿದ ತಾರೀಖು, ಮಾದರಿ ತೆಗೆದ ತಾರೀಖು, ಲಸಿಕೆಯ ತಾರೀಖು, ಹಿಂದಿನ ಹದಿನೈದು ದಿನ ಮಗು ಎಲ್ಲಿತ್ತು: ಈ ಐದು ತುಂಬಿರಬೇಕು. ಐಸಿಯುಗೆ ಸೇರಿಸಿದ ದಿನವನ್ನೇ ಕಾಯಿಲೆ ಶುರುವಾದ ದಿನ ಎಂದು ಬರೆಯುವುದು ಬಹಳ ಕಡೆ ಆಗುತ್ತದೆ. ನಿಮ್ಮ ಹುಡುಗನ ಲೆಕ್ಕದಲ್ಲಿ ಅದು ಎರಡು ದಿನದ ವ್ಯತ್ಯಾಸ. ಐಜಿಎಂ ಓದುವವರಿಗೆ ಆ ಎರಡು ದಿನ ಬಹಳ ದೊಡ್ಡದು. ಮನೆಯಲ್ಲಿ ಮೈ ಬಿಸಿಯಾದದ್ದನ್ನು ಮೊದಲು ಕಂಡವರು ನೀವು, ಆ ತಾರೀಖನ್ನು ನೀವೇ ಹೇಳಿ ಬರೆಸಬೇಕು.

ಪರೀಕ್ಷೆಗಾಗಿ ಚಿಕಿತ್ಸೆ ಕಾಯುವುದಿಲ್ಲ

ಜೆಇಗೆ ನೇರ ಔಷಧಿ ಇಲ್ಲ. ಫಿಟ್ಸ್ ತಡೆಯುವುದು, ಮೆದುಳಿನ ಬಾವು ಇಳಿಸುವುದು, ಉಸಿರು, ನೀರು, ಸಕ್ಕರೆ ಕಾಯುವುದೇ ಚಿಕಿತ್ಸೆ. "ಔಷಧಿಯೇ ಇಲ್ಲದ ಮೇಲೆ ಟೆಸ್ಟ್ ಯಾಕೆ" ಎಂದು ಕೇಳುವವರಿದ್ದಾರೆ. ಜ್ವರದ ಜೊತೆ ಎಚ್ಚರ ತಪ್ಪಿ ಬರುವ ಮಕ್ಕಳಲ್ಲಿ ಜೆಇ ಒಂದು ಸಣ್ಣ ಪಾಲು. ಅದೇ ವೇಷದಲ್ಲಿ ಬರುವ, ಔಷಧಿ ಇರುವ ಕಾಯಿಲೆಗಳು ಹಲವಿವೆ. ಹರ್ಪಿಸ್ ವೈರಸ್‌ಗೆ ಎಸೈಕ್ಲೋವಿರ್ ಇದೆ, ಅದರ ಪಿಸಿಆರ್ ಬೆನ್ನಿನ ನೀರಿನಲ್ಲೇ ಮಾಡಬೇಕು. ಸಣ್ಣ ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್, ಅಜಿತ್ರೊಮೈಸಿನ್ ಇದೆ. ಉತ್ತರ ಪ್ರದೇಶದ ಗೋರಖ್‌ಪುರ ಸೀಮೆಯಲ್ಲಿ ವರ್ಷಗಟ್ಟಲೆ ಮಕ್ಕಳನ್ನು ಕಾಡಿದ ಮೆದುಳಿನ ಉರಿಯೂತದಲ್ಲಿ ದೊಡ್ಡ ಪಾಲು ಸ್ಕ್ರಬ್ ಟೈಫಸ್ ಎಂದು ತಿಳಿದದ್ದು ಬಹಳ ತಡವಾಗಿ. ಕಂಕುಳು, ತೊಡೆಸಂದಿ, ಕಿವಿಯ ಹಿಂದೆ ಬೀಡಿ ಸುಟ್ಟ ಗಾಯದಂಥ ಕಪ್ಪು ಹಕ್ಕಳೆ ಇದೆಯೇ ಎಂದು ನೀವೂ ನೋಡಿ, ಕಂಡರೆ ಆ ಕ್ಷಣವೇ ಡಾಕ್ಟರಿಗೆ ತೋರಿಸಿ. ಮಲೇರಿಯಾ, ಟಿಬಿ, ಬ್ಯಾಕ್ಟೀರಿಯಾ, ಇವಕ್ಕೆಲ್ಲ ಔಷಧಿ ಇದೆ. ಹಾಗಾಗಿಯೇ ಐಸಿಯುನಲ್ಲಿ ರಿಪೋರ್ಟ್ ಬರುವ ಮೊದಲೇ ಇಂಥ ಎರಡು ಮೂರು ಔಷಧಿ ಒಟ್ಟಿಗೆ ಶುರು ಮಾಡಿರುತ್ತಾರೆ. ಅದು ಗೊತ್ತಿಲ್ಲದೆ ಕೊಡುವುದಲ್ಲ, ಕೈತಪ್ಪಬಾರದು ಎಂದು ಕೊಡುವುದು. ಬೆನ್ನಿನ ನೀರಿನಲ್ಲಿ ಜೆಇ ಖಚಿತವಾದರೆ ಬೇಡದ ಔಷಧಿ ನಿಲ್ಲಿಸಬಹುದು, ಮುಂದೆ ಏನನ್ನು ಎದುರು ನೋಡಬೇಕು ಎಂದು ನಿಮಗೆ ಹೇಳಬಹುದು, ಫಿಸಿಯೋಥೆರಪಿ ಬೇಗ ಶುರು ಮಾಡಬಹುದು. ಊರಿಗೂ ಅದರಿಂದ ಕೆಲಸವಿದೆ. ಸೆಂಟಿನೆಲ್ ಲ್ಯಾಬಿನ ಪಾಸಿಟಿವ್ ಜಿಲ್ಲಾ ಆರೋಗ್ಯ ಇಲಾಖೆಗೆ ಹೋಗುತ್ತದೆ, ಫಾಗಿಂಗ್, ಲಸಿಕೆ ಬಿಟ್ಟುಹೋದ ಮಕ್ಕಳ ಹುಡುಕಾಟ ಅಲ್ಲಿಂದ ಶುರುವಾಗುತ್ತದೆ.

ತಂಗಿಯ ವಿಷಯ. ಜ್ವರ ಇಲ್ಲದಿದ್ದರೆ ಅವಳಿಗೆ ಪರೀಕ್ಷೆ ಬೇಡ. ಜೆಇ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಅಣ್ಣನಿಂದ ಸೊಳ್ಳೆಯ ಮೂಲಕವೂ ಅವಳಿಗೆ ಬರುವುದಿಲ್ಲ, ಮನುಷ್ಯರ ರಕ್ತದಲ್ಲಿ ಸೊಳ್ಳೆಗೆ ಸಿಗುವಷ್ಟು ವೈರಸ್ ಇರುವುದೇ ಇಲ್ಲ. ಸುಮ್ಮನೆ ಮಾಡಿಸಿದ ಪರೀಕ್ಷೆಯಲ್ಲಿ ಐಜಿಎಂ ಪಾಸಿಟಿವ್ ಬಂದರೆ ಅದು ಸದ್ದಿಲ್ಲದ ಸೋಂಕೋ ಲಸಿಕೆಯದೋ ಆಗಿದ್ದು, ಮನೆಯವರಿಗೆ ಹೆದರಿಕೆ ಮಾತ್ರ ಉಳಿಯುತ್ತದೆ. ಆದರೆ ಅವಳಿರುವುದು ಅದೇ ಗದ್ದೆಯ ಪಕ್ಕ. ಅವಳ ತಾಯಿ ಕಾರ್ಡಿನಲ್ಲಿ 9ರಿಂದ 12 ತಿಂಗಳಲ್ಲಿ ಒಂದು, 16ರಿಂದ 24 ತಿಂಗಳಲ್ಲಿ ಇನ್ನೊಂದು, ಎರಡೂ ಜೆಇ ಡೋಸ್ ಆಗಿದೆಯೇ ನೋಡಿ. ಬಿಟ್ಟುಹೋಗಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ ಹಾಕಿಸಿ. ಭಾರತ್ ಬಯೋಟೆಕ್ ತಯಾರಿಸುವ ಜೆನ್‌ವ್ಯಾಕ್ ಲಸಿಕೆಯ ಮೂಲ ತಳಿ ನಮ್ಮ ಕೋಲಾರದಲ್ಲೇ, 1980ರ ದಶಕದ ಆರಂಭದಲ್ಲಿ, ಒಬ್ಬ ರೋಗಿಯಿಂದ ಸಿಕ್ಕ ವೈರಸ್. ಆ ವೈರಸ್ ಸಿಕ್ಕದ್ದೂ ಯಾರೋ ಮಾದರಿ ಕೊಟ್ಟಿದ್ದರಿಂದಲೇ.

ಈ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದ ತನಕ. ಅವಳನ್ನು ಸೊಳ್ಳೆಪರದೆಯೊಳಗೆ ಮಲಗಿಸಿ, ಸಂಜೆ ಗದ್ದೆ ಬದುವಿನ ಕಡೆ ಆಡಲು ಬಿಡಬೇಡಿ, ಹಂದಿ ಗೂಡು ಮನೆಗೆ ಹತ್ತಿರವಿದ್ದರೆ ದೂರ ಮಾಡಿಸಿ. ಅವಳಿಗೂ ಜ್ವರ ಬಂದು, ಜೊತೆಗೆ ವಾಂತಿ, ಜೋಂಪು, ಮಾತು ತಡವರಿಕೆ ಕಂಡರೆ ಮರುದಿನ ನೋಡೋಣ ಎನ್ನದೆ ಅಣ್ಣನಿರುವ ಆಸ್ಪತ್ರೆಗೇ ಕರೆದುಕೊಂಡು ಹೋಗಿ, ಮೈ ಬಿಸಿಯಾದ ತಾರೀಖನ್ನು ಚೀಟಿಯಲ್ಲಿ ಬರೆದುಕೊಂಡು.